ಕುರಿ ಕಿವಿ, ಯುವಿ ದೀಪ, ಒಂದು ಬ್ಯುರೆಟ್: ಚರ್ಮದ ಕಿಣ್ವದ ಮೇಲೆ ವಿಕಿರಣದ ಪರಿಣಾಮ ಅಳೆಯುವುದು ಹೇಗೆ?

ಜನವರಿ ಬಂತು ಅಂದ್ರೆ ನನ್ನ ಫೋನಿಗೆ ಒಂದೇ ಪ್ರಶ್ನೆ. "ಮೇಡಂ, ಪ್ರಾಜೆಕ್ಟ್‌ಗೆ ರೇಡಿಯೇಷನ್ ಮತ್ತು ಎನ್‌ಜೈಮ್ ಅಂತ ಟಾಪಿಕ್ ಬಂದಿದೆ. ಚರ್ಮದ ಮೇಲೆ ಮಾಡಬೇಕಂತೆ. ಏನು ತರಬೇಕು, ಎಲ್ಲಿಂದ ಶುರು ಮಾಡಬೇಕು?" ದಾವಣಗೆರೆಯವರು ಕೇಳುತ್ತಾರೆ, ಹರಿಹರ, ಜಗಳೂರು, ಚಿತ್ರದುರ್ಗದವರೂ ಕೇಳುತ್ತಾರೆ. ಒಬ್ಬೊಬ್ಬರಿಗೂ ಅರ್ಧ ಗಂಟೆ ಹೇಳುವ ಬದಲು ಇಲ್ಲಿ ಒಮ್ಮೆ ಬರೆದಿಡುತ್ತೇನೆ. ಡಿಗ್ರಿ ಕಾಲೇಜಿನ ಸಾಮಾನ್ಯ ಲ್ಯಾಬಿನಲ್ಲಿ ಮಾಡಬಹುದಾದ ವಿಧಾನ ಇದು. ದೊಡ್ಡ ಯಂತ್ರ ಬೇಡ.

ಮೊದಲು ಒಂದು ಮಾತು ತಲೆಯಲ್ಲಿರಲಿ. ಕಿಣ್ವ, ಅಂದರೆ ಎನ್‌ಜೈಮ್, ಜೀವಕೋಶದ ರಾಸಾಯನಿಕ ಕ್ರಿಯೆಗಳನ್ನು ಚುರುಕು ಮಾಡುವ ಪ್ರೋಟೀನು. ವಿಕಿರಣದಿಂದ ಅದರ ಕೆಲಸ ಎರಡು ದಾರಿಯಲ್ಲಿ ಬದಲಾಗುತ್ತದೆ. ಒಂದು, ನೇರ ಪೆಟ್ಟು. ಕಿರಣ ಬಿದ್ದು ಪ್ರೋಟೀನಿನ ರಚನೆಯೇ ಕೆಡುತ್ತದೆ, ಇಲ್ಲವೇ ಕಿರಣ ಪಕ್ಕದ ನೀರನ್ನು ಒಡೆದು, ಹುಟ್ಟಿದ ಚುರುಕು ಕಣಗಳು ಪ್ರೋಟೀನನ್ನು ಕೆಡಿಸುತ್ತವೆ. ಇನ್ನೊಂದು, ಜೀವಂತ ಕೋಶ ಆ ಪೆಟ್ಟಿಗೆ ಕೊಡುವ ಉತ್ತರ. ಬಿಸಿಲಲ್ಲಿ ಎರಡು ದಿನ ಹೊಲದಲ್ಲಿ ನಿಂತವರ ಕೈ ಆಮೇಲೆ ಕಪ್ಪಾಗುತ್ತದೆ ಅಲ್ವಾ? ಅಲ್ಲಿ ಟೈರೋಸಿನೇಸ್ ಎಂಬ ಕಿಣ್ವದ ಕೆಲಸ ಹೆಚ್ಚಾಗಿದೆ. ವರ್ಷಗಟ್ಟಲೆ ಬಿಸಿಲು ತಿಂದ ಚರ್ಮ ಸುಕ್ಕಾಗುವುದಕ್ಕೆ ಒಂದು ಕಾರಣ, ಚರ್ಮದ ಕೊಲಾಜನ್ ಎಳೆಗಳನ್ನು ಕತ್ತರಿಸುವ ಕಿಣ್ವ ಹೆಚ್ಚುವುದು. ಹಾಗಾಗಿ "ವಿಕಿರಣದಿಂದ ಕಿಣ್ವ ಕಡಿಮೆಯಾಗುತ್ತದೆ" ಅಂತ ಒಂದೇ ಸಾಲಿನಲ್ಲಿ ಬರೆದರೆ ಅರ್ಧ ತಪ್ಪು. ಯಾವ ಕಿಣ್ವ, ಯಾವ ಕಿರಣ, ಎಷ್ಟು ಹೊತ್ತಿನ ಮೇಲೆ ನೋಡಿದ್ದು, ಇಷ್ಟೂ ಹೇಳಬೇಕು.

ನೀವು ಮಾಡುವುದು ಸತ್ತ ಅಂಗಾಂಶದ ಮೇಲೆ. ಅಲ್ಲಿ ಕಾಣುವುದು ಮೊದಲನೆಯ ದಾರಿ ಮಾತ್ರ. ಇದನ್ನು ವರದಿಯಲ್ಲಿ ನೀವೇ ಮೊದಲು ಬರೆದುಬಿಡಿ. ವೈವಾದಲ್ಲಿ ಯಾರಾದರೂ ಎತ್ತಿ ತೋರಿಸುವವರೆಗೆ ಕಾಯಬೇಡಿ.

ಹಂತ 1: ಕಿಣ್ವ ಆರಿಸಿ

ಸುಮ್ನೆ ನಾಲ್ಕೈದು ಕಿಣ್ವಗಳ ಹೆಸರು ಹಾಕಿಕೊಳ್ಳಬೇಡಿ. ಒಂದೇ ಸಾಕು, ಕ್ಯಾಟಲೇಸ್. ಚರ್ಮದ ಕೋಶಗಳಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತಲೇ ಇರುತ್ತದೆ. ಅದನ್ನು ನೀರು ಮತ್ತು ಆಮ್ಲಜನಕ ಮಾಡಿ ಕೋಶವನ್ನು ಕಾಪಾಡುವುದು ಇದರ ಕೆಲಸ. ಇದರ ಹೊಟ್ಟೆಯೊಳಗೆ ಕಬ್ಬಿಣ ಇರುವ ಹೀಮ್ ಎಂಬ ಗುಂಪು ಇದೆ. ಅದು ಬೆಳಕನ್ನು ಚೆನ್ನಾಗಿ ಹೀರುತ್ತದೆ. ಅದಕ್ಕೇ ಕ್ಯಾಟಲೇಸ್ ಬೆಳಕಿಗೆ ಬೇಗ ಸೋಲುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಇದನ್ನು ಒಂದು ಬ್ಯುರೆಟ್ಟಿನಲ್ಲಿ, ಅಂದರೆ ದ್ರಾವಣವನ್ನು ಹನಿಹನಿಯಾಗಿ ಅಳೆದು ಬಿಡುವ ಗಾಜಿನ ಕೊಳವೆಯಲ್ಲಿ, ಅಳೆಯಬಹುದು. ಸೂಪರ್‌ಆಕ್ಸೈಡ್ ಡಿಸ್ಮ್ಯುಟೇಸ್ ಎಂಬ ಇನ್ನೊಂದು ಕಿಣ್ವ ಮಾಡುತ್ತೇನೆ ಅಂತ ಹೊರಟವರು ರಾಸಾಯನಿಕಗಳಿಗೆ ಕಾದು ಕಾದು ಮಾರ್ಚ್ ಮುಗಿಸಿದ್ದನ್ನು ನೋಡಿದ್ದೇನೆ.

ಹಂತ 2: ಕಿರಣ ಆರಿಸಿ

ತುಂಬಾ ಜನ ಕೇಳುವುದು, "ಎಕ್ಸ್-ರೇ ಸೆಂಟರ್‌ನಲ್ಲಿ ಒಂದು ಸಲ ಹಾಕಿಸಿಕೊಂಡು ಬರ್ಲಾ?" ಬೇಡ. ವಿಕಿರಣದ ಪ್ರಮಾಣವನ್ನು ಗ್ರೇ ಎಂಬ ಅಳತೆಯಲ್ಲಿ ಹೇಳುತ್ತಾರೆ. ಒಂದು ಎದೆ ಎಕ್ಸ್-ರೇಗೆ ಚರ್ಮದ ಮೇಲೆ ಬೀಳುವುದು ಒಂದು ಮಿಲಿಗ್ರೇಗಿಂತ ಕಡಿಮೆ. ಅಂಗಾಂಶದೊಳಗಿನ ಕಿಣ್ವಕ್ಕೆ ನೇರ ಪೆಟ್ಟು ಕಾಣಬೇಕಾದರೆ ಕಿಲೋಗ್ರೇ ಲೆಕ್ಕದಲ್ಲಿ ಬೇಕು. ಹತ್ತು ಲಕ್ಷ ಪಟ್ಟಿಗಿಂತ ಜಾಸ್ತಿ ಅಂತರ. ಕ್ಯಾನ್ಸರ್ ಚಿಕಿತ್ಸೆಯಲ್ಲಿ ದಿನಕ್ಕೆ ಸುಮಾರು 2 ಗ್ರೇ ಕೊಡುತ್ತಾರೆ. ಕೆಲವು ವಾರ ಹೋದಂತೆ ಚರ್ಮ ಕೆಂಪಾಗಿ ಸುಲಿಯುತ್ತದೆ. ಅಲ್ಲಿ ಕೆಟ್ಟಿರುವುದು ಮುಖ್ಯವಾಗಿ ಕೋಶದ ಡಿಎನ್‌ಎ. ಕಿಣ್ವಗಳ ಏರುಪೇರು ಅದರ ಹಿಂದೆ ಬರುವಂಥದ್ದು. ಮಸಾಲೆ ಪುಡಿಗೆ ಹುಳ, ಬೂಸ್ಟು ಬರದಂತೆ ಗಾಮಾ ಕಿರಣ ಕೊಡುತ್ತಾರಲ್ಲ, ಆ ಪ್ರಮಾಣದಲ್ಲೂ ಎಲ್ಲ ಕಿಣ್ವಗಳು ಸಾಯುವುದಿಲ್ಲ.

ಆದ್ದರಿಂದ ನಿಮ್ಮ ಕೈಗೆ ಸಿಗುವುದು ಅತಿನೇರಳೆ, ಅಂದರೆ ಯುವಿ. ಅಲೆಯ ಉದ್ದದ ಪ್ರಕಾರ ಇದರಲ್ಲಿ ಮೂರು ಬಗೆ. 315ರಿಂದ 400 ನ್ಯಾನೋಮೀಟರ್ ಯುವಿ-ಎ, 280ರಿಂದ 315 ಯುವಿ-ಬಿ, 280ಕ್ಕಿಂತ ಕೆಳಗಿನದು ಯುವಿ-ಸಿ. ಲ್ಯಾಬಿನ ಲ್ಯಾಮಿನಾರ್ ಫ್ಲೋನಲ್ಲಿ, ಅಂದರೆ ಶುದ್ಧ ಗಾಳಿ ಹರಿಸುವ ಪೆಟ್ಟಿಗೆಯಲ್ಲಿ, ಇರುವ ನೀಲಿ ದೀಪ ಯುವಿ-ಸಿ, 254 ನ್ಯಾನೋಮೀಟರ್. ಬಿಸಿಲಿನಲ್ಲಿ ನೆಲಕ್ಕೆ ಬರುವುದು ಎ ಮತ್ತು ಬಿ. ಸಿ ಬಗೆಯನ್ನು ವಾತಾವರಣವೇ ತಡೆಯುತ್ತದೆ. ಹಾಗಾಗಿ ದೀಪದ ಕೆಳಗೆ ಮಾಡಿ "ಬಿಸಿಲಿನ ಪರಿಣಾಮ" ಅಂತ ತಲೆಬರಹ ಕೊಡಬೇಡಿ.

ದೀಪ ಇಲ್ಲದ ಕಾಲೇಜಿನವರು ಬೇಜಾರಾಗಬೇಡಿ. ಟೆರೇಸ್ ಇದೆ. ನನ್ನ ಪ್ರಕಾರ ಅದೇ ಹೆಚ್ಚು ಚೆಂದದ ಪ್ರಯೋಗ. ಕೆಳಗೆ ಎರಡನ್ನೂ ಹೇಳುತ್ತೇನೆ.

ಎಚ್ಚರಿಕೆ: ಉರಿಯುವ ಯುವಿ-ಸಿ ದೀಪದ ಕೆಳಗೆ ಕೈ ಇಡಬೇಡಿ, ಅದನ್ನು ನೋಡಬೇಡಿ. ಆ ಕ್ಷಣ ಏನೂ ಅನಿಸುವುದಿಲ್ಲ. ಕೆಲವು ಗಂಟೆ ಬಿಟ್ಟು, ರಾತ್ರಿ ಮಲಗಿದಾಗ ಕಣ್ಣಲ್ಲಿ ಮರಳು ಸುರಿದ ಹಾಗೆ ಉರಿಯುತ್ತದೆ. "ನನ್ನ ಕೈ ಚರ್ಮದ ಮೇಲೇ ಮಾಡ್ತೀನಿ ಮೇಡಂ" ಅನ್ನುವ ಧೈರ್ಯವಂತರು ದಯವಿಟ್ಟು ಬೇರೆ ಟಾಪಿಕ್ ತಗೊಳ್ಳಿ.

ಹಂತ 3: ಚರ್ಮ ತನ್ನಿ

ಪ್ರಯೋಗ ಗೆಲ್ಲುವುದೂ ಸೋಲುವುದೂ ಲ್ಯಾಬಿನಲ್ಲಿ ಅಲ್ಲ, ಮಟನ್ ಅಂಗಡಿಯಲ್ಲಿ.

ಕೋಳಿ ಚರ್ಮ ಸುಲಭ ಅಂತ ಕಾಣುತ್ತದೆ. ಆದರೆ ಪುಕ್ಕ ಕೀಳಲು ಕೋಳಿಯನ್ನು ಬಿಸಿನೀರಿಗೆ ಅದ್ದುತ್ತಾರೆ. ಮೇಲ್ಪದರದ ಕಿಣ್ವ ಅಲ್ಲೇ ಬೆಂದಿರುತ್ತದೆ. ನಾನು ಹೇಳುವುದು ಕುರಿಯ ಕಿವಿ. ಒಳಗಿನ ಚರ್ಮ ತೆಳು, ಕೂದಲು ಕಡಿಮೆ, ಕೊಬ್ಬು ಕಡಿಮೆ. ಅಂಗಡಿಯವರಿಗೂ ಕಿವಿಯಿಂದ ಲಾಭವಿಲ್ಲ, ಕೊಟ್ಟುಬಿಡುತ್ತಾರೆ.

ಒಂದೇ ಷರತ್ತು. ತಲೆ-ಕಾಲು ಸುಡುವ ಮೊದಲೇ ಕಿವಿ ಕತ್ತರಿಸಿಕೊಡಬೇಕು. ಬೆಂಕಿ ತೋರಿಸಿದ ಕಿವಿ ಬಂತೋ, ನೀವು ಅಳೆಯುವುದು ವಿಕಿರಣವನ್ನಲ್ಲ, ಬೆಂಕಿಯನ್ನು. ಹಿಂದಿನ ದಿನವೇ ಹೋಗಿ "ಅಣ್ಣ, ನಾಳೆ ಬೆಳಿಗ್ಗೆ ಸುಡೋಕೆ ಮುಂಚೆ ಮೂರು ಕುರಿ ಕಿವಿ, ಒಂದೊಂದು ಕುರಿದು ಬೇರೆ ಬೇರೆ ಕವರಲ್ಲಿ ಹಾಕಿಡಿ" ಅಂತ ಹೇಳಿ ಬನ್ನಿ. ಭಾನುವಾರ ಹೋಗಬೇಡಿ. ಆ ಗದ್ದಲದಲ್ಲಿ ಯಾವ ಕುರಿಯ ಕಿವಿ ಯಾವುದು ಅಂತ ಅವರಿಗೂ ಗೊತ್ತಿರುವುದಿಲ್ಲ. ಬುಧವಾರ, ಗುರುವಾರ ಒಳ್ಳೆಯದು.

ಥರ್ಮಾಕೋಲ್ ಡಬ್ಬದಲ್ಲಿ ಐಸ್ ಒಯ್ಯಿರಿ. ಕಿವಿ ಕವರಿನೊಳಗಿರಲಿ, ಐಸ್ ನೀರು ನೇರ ತಾಗಬಾರದು. ಏಪ್ರಿಲ್‌ನಲ್ಲಿ ಬೈಕಿನ ಡಿಕ್ಕಿಯಲ್ಲಿ ಇಟ್ಟುಕೊಂಡು ಬಂದ ಕಿವಿಯಿಂದ ಏನೂ ಸಿಗುವುದಿಲ್ಲ. ಕಡಿದ ಎರಡು ಗಂಟೆಯೊಳಗೆ ಕೆಲಸ ಶುರುವಾಗಲಿ.

ಪ್ರಾಣಿಯನ್ನು ಪ್ರಯೋಗಕ್ಕೆಂದು ಕೊಂದಿಲ್ಲ ಅನ್ನುವುದು ಈ ವಿಧಾನದ ಇನ್ನೊಂದು ಅನುಕೂಲ. ಆದರೂ ಗೈಡ್ ಒಪ್ಪಿಗೆಯನ್ನು ಬರಹದಲ್ಲಿ ತೆಗೆದುಕೊಳ್ಳಿ. ಜೀವಂತ ಇಲಿ ಅಂದರೆ ನೈತಿಕ ಸಮಿತಿಯ ಅನುಮತಿ ಬೇಕೇ ಬೇಕು. ಅದು ಒಂದು ಸೆಮಿಸ್ಟರ್‌ನಲ್ಲಿ ಮುಗಿಯುವ ಕೆಲಸವಲ್ಲ.

ಹಂತ 4: ರಕ್ತ ತೊಳೆಯಿರಿ

ಕೆಂಪು ರಕ್ತಕಣದಲ್ಲಿ ಕ್ಯಾಟಲೇಸ್ ತುಂಬಿ ತುಳುಕುತ್ತದೆ. ಚರ್ಮದಲ್ಲಿ ಅದಕ್ಕಿಂತ ತುಂಬಾ ಕಡಿಮೆ. ಒಂದು ಹನಿ ರಕ್ತ ಉಳಿದರೂ ನಿಮ್ಮ ರೀಡಿಂಗ್ ರಕ್ತದ್ದೇ ಆಗುತ್ತದೆ. ನಾನು ವಿದ್ಯಾರ್ಥಿಯಾಗಿದ್ದಾಗ ವಿಕಿರಣ ಬಿದ್ದ ಚರ್ಮದಲ್ಲಿ ಕ್ಯಾಟಲೇಸ್ ಮೂರು ಪಟ್ಟು ಹೆಚ್ಚಾಗಿದೆ ಅಂತ ಖುಷಿಯಿಂದ ಗ್ರಾಫ್ ಬರೆದಿದ್ದೆ. ಆ ತುಂಡಿನಲ್ಲಿ ಒಂದು ರಕ್ತನಾಳ ಇತ್ತು, ಅಷ್ಟೇ.

ಕಿವಿಯ ಒಳಬದಿಯ ಚರ್ಮವನ್ನು ಬ್ಲೇಡಿನಿಂದ ಮೃದ್ವಸ್ಥಿಯ ಮೇಲಿಂದ ಬಿಡಿಸಿ. ಎದ್ದು ಕಾಣುವ ನಾಳಗಳ ಭಾಗ ಬಿಟ್ಟುಬಿಡಿ. ತಣ್ಣಗಿನ ಉಪ್ಪುನೀರಿನಲ್ಲಿ, ಅಂದರೆ 0.9 ಪರ್ಸೆಂಟ್ ಸೋಡಿಯಂ ಕ್ಲೋರೈಡಿನಲ್ಲಿ, ನಾಲ್ಕೈದು ಸಲ ಜಾಲಾಡಿ. ಪ್ರತಿ ಸಲ ತೊಳೆದ ನೀರಿನ ಒಂದು ಹನಿಯನ್ನು ಗಾಜಿನ ಸ್ಲೈಡ್ ಮೇಲೆ ಹಾಕಿ, ಅದರ ಮೇಲೆ ಒಂದು ಹನಿ ಪೆರಾಕ್ಸೈಡ್ ಬಿಡಿ. ಮೊದಲ ನೀರು ಸೋಪಿನ ಹಾಗೆ ಬುರುಬುರು ನೊರೆ ಉಕ್ಕಿಸುತ್ತದೆ. ಐದನೆಯದಕ್ಕೆ ಬರುವಷ್ಟರಲ್ಲಿ ಅಲ್ಲೊಂದು ಇಲ್ಲೊಂದು ಗುಳ್ಳೆ ಮಾತ್ರ ಇರಬೇಕು. ಪೂರ್ತಿ ನಿಲ್ಲುವುದಿಲ್ಲ, ಕತ್ತರಿಸಿದ ಅಂಚಿನಿಂದ ಚರ್ಮದ್ದೇ ಸ್ವಲ್ಪ ಸೋರುತ್ತದೆ. ಈ ಸ್ಲೈಡುಗಳ ಫೋಟೋ ತೆಗೆದು ವರದಿಗೆ ಹಾಕಿ.

ಹಂತ 5: ಕಿರಣಕ್ಕೆ ಒಡ್ಡಿ

ಒಂದೇ ಕಿವಿಯ ಚರ್ಮವನ್ನು ಸಮ ತುಂಡು ಮಾಡಿ, ಅರ್ಧ ಗ್ರಾಂಗೆ ಒಂದರಂತೆ. ಒಂದು ತುಂಡು ಕಿರಣಕ್ಕೆ, ಪಕ್ಕದ್ದು ಕಂಟ್ರೋಲ್‌ಗೆ, ಅಂದರೆ ಹೋಲಿಕೆಗೆ. ಈ ಕುರಿಯದ್ದನ್ನು ಕಿರಣಕ್ಕೂ ಆ ಕುರಿಯದ್ದನ್ನು ಕಂಟ್ರೋಲ್‌ಗೂ ಇಟ್ಟರೆ ನೀವು ಹೋಲಿಸುವುದು ಎರಡು ಕುರಿಗಳನ್ನು.

ದೀಪ ಇರುವವರು: ತುಂಡುಗಳನ್ನು ಒದ್ದೆ ಫಿಲ್ಟರ್ ಪೇಪರ್ ಹಾಸಿದ ಪೆಟ್ರಿ ತಟ್ಟೆಯಲ್ಲಿ, ಮೇಲ್ಮೈ ಮೇಲೆ ಮುಖ ಮಾಡಿ ಇಡಿ. ತಟ್ಟೆ ಐಸ್ ಮೇಲಿರಲಿ. ದೀಪ ಹಚ್ಚಿ ಹತ್ತು ನಿಮಿಷ ಬಿಟ್ಟು ಶುರು ಮಾಡಿ. ಹೊಸದಾಗಿ ಹಚ್ಚಿದಾಗ ಬೆಳಕು ಸ್ಥಿರವಾಗಿರುವುದಿಲ್ಲ. 30 ಸೆಂಟಿಮೀಟರ್ ದೂರ, 10, 20, 40 ನಿಮಿಷ. ಕಂಟ್ರೋಲ್ ತಟ್ಟೆ ಅಲ್ಲೇ ಪಕ್ಕದಲ್ಲಿ, ಅಲ್ಯುಮಿನಿಯಂ ಫಾಯಿಲ್ ಸುತ್ತಿಕೊಂಡು. ಫ್ರಿಜ್‌ನಲ್ಲಿ ಅಲ್ಲ.

ಮುಚ್ಚಳ ತೆಗೆಯಿರಿ! ಪ್ರತಿ ವರ್ಷ ಯಾರಾದರೂ ಒಬ್ಬರು ಮುಚ್ಚಳ ಹಾಕಿಯೇ 40 ನಿಮಿಷ ಕಾಯುತ್ತಾರೆ. ಗಾಜು, ಪ್ಲಾಸ್ಟಿಕ್ ಎರಡೂ ಯುವಿ-ಸಿಯನ್ನು ತಡೆಯುತ್ತವೆ. ಕಣ್ಣಿಗೆ ನೀಲಿ ಬೆಳಕು ಕಂಡರೂ ಚರ್ಮಕ್ಕೆ ಏನೂ ಬಿದ್ದಿರುವುದಿಲ್ಲ.

ಪ್ರಮಾಣ ಬರೆಯುವುದು ಹೇಗೆ? ಯುವಿ ಮೀಟರ್ ಇದ್ದರೆ ತೀವ್ರತೆಯನ್ನು ಸೆಕೆಂಡುಗಳಿಂದ ಗುಣಿಸಿ. ಚದರ ಸೆಂಟಿಮೀಟರಿಗೆ 0.1 ಮಿಲಿವ್ಯಾಟ್ ಇದ್ದು 600 ಸೆಕೆಂಡ್ ಇಟ್ಟರೆ 60 ಮಿಲಿಜೂಲ್. ಮೀಟರ್ ಇಲ್ಲದಿದ್ದರೆ ದೀಪದ ವ್ಯಾಟ್, ದೂರ, ಸಮಯ ಬರೆದು ಸುಮ್ಮನಿರಿ. ದೂರದ ವರ್ಗಕ್ಕೆ ಭಾಗಿಸುವ ಸೂತ್ರ ಚುಕ್ಕಿಯಂಥ ದೀಪಕ್ಕೆ, ಉದ್ದ ಟ್ಯೂಬಿಗೆ ಹತ್ತಿರದಲ್ಲಿ ಹೊಂದುವುದಿಲ್ಲ.

ಬಿಸಿಲಿನಲ್ಲಿ ಮಾಡುವವರು: ಮೂರು ತಟ್ಟೆ ಬೇಕು. ಒಂದು ತೆರೆದದ್ದು. ಎರಡನೆಯದರ ಮೇಲೆ ಸಾಮಾನ್ಯ ಕಿಟಕಿ ಗಾಜು. ಮೂರನೆಯದಕ್ಕೆ ಫಾಯಿಲ್. ಕಿಟಕಿ ಗಾಜು ಯುವಿ-ಬಿಯನ್ನು ಹೆಚ್ಚುಕಡಿಮೆ ಪೂರ್ತಿ ತಡೆಯುತ್ತದೆ, ಯುವಿ-ಎ ಮತ್ತು ಕಣ್ಣಿಗೆ ಕಾಣುವ ಬೆಳಕನ್ನು ಬಹುಪಾಲು ಬಿಡುತ್ತದೆ. ಗಾಜಿನಡಿಯ ತುಂಡಿನಲ್ಲೂ ಕ್ಯಾಟಲೇಸ್ ಇಳಿದಿದ್ದರೆ ಅದಕ್ಕೆ ಯುವಿ-ಬಿ ಕಾರಣವಲ್ಲ ಅಂತ ಹೇಳಬಹುದು. ಒಂದು ತುಂಡು ಕಿಟಕಿ ಗಾಜಿನಿಂದ ಇಷ್ಟು ಸಿಗುತ್ತದೆ ನೋಡಿ.

ಸಮಯ ಮಧ್ಯಾಹ್ನ. ನಮ್ಮ ದಾವಣಗೆರೆಯಲ್ಲಿ ಸೂರ್ಯ ನೆತ್ತಿಗೆ ಬರುವುದು ಗಡಿಯಾರದ 12ಕ್ಕಲ್ಲ. ಏಪ್ರಿಲ್‌ನಲ್ಲಿ ಸುಮಾರು 12.25ಕ್ಕೆ. ಆದ್ದರಿಂದ 12ರಿಂದ 1ರವರೆಗೆ ಇಡಿ. ಏಪ್ರಿಲ್ ಕೊನೆಯ ದಿನಗಳಲ್ಲಿ ಇಲ್ಲಿ ಸೂರ್ಯ ಸರಿಯಾಗಿ ತಲೆಯ ಮೇಲೆ ಇರುತ್ತಾನೆ, ಕಂಬದ ನೆರಳೂ ಬೀಳುವುದಿಲ್ಲ. ಆದರೆ ಟೆರೇಸಿನ ಕಾವು ದೊಡ್ಡ ಶತ್ರು. ತಟ್ಟೆಗಳು ಐಸ್ ಟ್ರೇಯಲ್ಲೇ ಇರಲಿ. ಹತ್ತು ನಿಮಿಷಕ್ಕೊಮ್ಮೆ ಮೂರರ ಉಷ್ಣತೆಯನ್ನೂ ಬರೆಯಿರಿ. ಪೇಪರ್ ಒಣಗಿದರೆ ಹನಿ ಉಪ್ಪುನೀರು ಹಾಕಿ, ಮೂರಕ್ಕೂ ಒಂದೇ ಅಳತೆ. ಕಾಗೆಗಳನ್ನು ಕಾಯಲು ಒಬ್ಬರು ಬೇಕು. ತಮಾಷೆಯಲ್ಲ.

ಹಂತ 6: ಅರೆದು ರಸ ತೆಗೆಯಿರಿ

ಅರ್ಧ ಗ್ರಾಂ ಚರ್ಮಕ್ಕೆ 4.5 ಮಿಲಿ ತಣ್ಣಗಿನ ಫಾಸ್ಫೇಟ್ ಬಫರ್, 50 ಮಿಲಿಮೋಲಾರ್, ಪಿಎಚ್ 7. ಬಫರ್ ಅಂದರೆ ಹುಳಿ-ಕ್ಷಾರ ಏರುಪೇರಾಗದಂತೆ ಹಿಡಿದಿಡುವ ದ್ರಾವಣ. ಮೊದಲು ಕತ್ತರಿಯಿಂದ ಚಿಕ್ಕ ಚೂರು ಮಾಡಿ. ಆಮೇಲೆ ಐಸ್ ಮೇಲಿಟ್ಟ ಕಲ್ಬತ್ತಿನಲ್ಲಿ, ತೊಳೆದು ಒಣಗಿಸಿದ ಒಂದು ಚಿಟಿಕೆ ಮರಳು ಹಾಕಿ ಅರೆಯಿರಿ. ಚರ್ಮ ಜಿಗುಟು. ಹತ್ತು ನಿಮಿಷ ಕೈ ಸೋಲುತ್ತದೆ. ಮಿಕ್ಸಿಗೆ ಹಾಕಬೇಡಿ, ಬ್ಲೇಡಿನ ಕಾವಿಗೆ ಕಿಣ್ವ ಹೋಗುತ್ತದೆ. ಎಲ್ಲ ತುಂಡುಗಳನ್ನೂ ಒಬ್ಬರೇ ಅರೆಯಿರಿ. ಗಟ್ಟಿ ಕೈಯವರು ಒಂದು, ಮೆದು ಕೈಯವರು ಒಂದು ಅರೆದರೆ ಆ ವ್ಯತ್ಯಾಸವೂ ಲೆಕ್ಕಕ್ಕೆ ಸೇರುತ್ತದೆ.

ತೆಳು ಬಟ್ಟೆಯಲ್ಲಿ ಸೋಸಿ, ಸೆಂಟ್ರಿಫ್ಯೂಜ್‌ನಲ್ಲಿ ನಿಮಿಷಕ್ಕೆ 3000 ಸುತ್ತಿನಂತೆ 15 ನಿಮಿಷ ತಿರುಗಿಸಿ. ಮೇಲೆ ಕೊಬ್ಬಿನ ಕೆನೆ, ಕೆಳಗೆ ಗಸಿ, ನಡುವೆ ತಿಳಿ. ಪಿಪೆಟ್ ತುದಿಯನ್ನು ಆ ತಿಳಿಗೇ ಇಳಿಸಿ. ಕೆನೆ ಬಂದರೆ ಪ್ರೋಟೀನ್ ಅಳತೆ ಕೆಡುತ್ತದೆ.

ಇಲ್ಲೊಂದು ದೊಡ್ಡ ಗುಂಡಿ ಇದೆ. ಯುವಿ-ಸಿ ಚರ್ಮದ ತೀರಾ ಮೇಲ್ಪದರದಲ್ಲೇ ಹೀರಿಹೋಗುತ್ತದೆ. ನೀವು ಅರೆದದ್ದು ಇಡೀ ದಪ್ಪವನ್ನು. ಅದರ ಬಹುಪಾಲಿಗೆ ಕಿರಣ ತಾಗಿಯೇ ಇಲ್ಲ. "ವ್ಯತ್ಯಾಸವೇ ಬರ್ತಿಲ್ಲ ಮೇಡಂ" ಅಂತ ದೀಪದವರು ಅಳುವುದು ಇದಕ್ಕೇ. ಎರಡು ಉಪಾಯ ಇವೆ. ಬ್ಲೇಡಿನಿಂದ ಮೇಲ್ಪದರ ಕೆರೆದು ಅದನ್ನಷ್ಟೇ ಅರೆಯಬಹುದು, ಆಗ ಹೆಚ್ಚು ಕಿವಿ ಬೇಕು. ಇಲ್ಲದಿದ್ದರೆ ಕಿರಣ ಬೀಳದ ಚರ್ಮದ ರಸವನ್ನೇ ತಟ್ಟೆಯಲ್ಲಿ ತೆಳ್ಳಗೆ, ಎರಡು ಮಿಲಿಮೀಟರಿನಷ್ಟು ಹರಡಿ ದೀಪದಡಿ ಇಟ್ಟು, ಆಗಾಗ ಅಲುಗಾಡಿಸಿ. ಚರ್ಮವನ್ನು ಒಡ್ಡಿದ್ದು, ರಸವನ್ನು ಒಡ್ಡಿದ್ದು, ಎರಡನ್ನೂ ಪಕ್ಕಪಕ್ಕ ತೋರಿಸಿದರೆ ಚರ್ಮ ತನ್ನ ಒಳಗಿನದನ್ನು ಎಷ್ಟು ಮುಚ್ಚಿ ಕಾಪಾಡುತ್ತದೆ ಅನ್ನುವುದು ಅಂಕಿಯಲ್ಲೇ ಬರುತ್ತದೆ.

ಹಂತ 7: ಬ್ಯುರೆಟ್ಟಿನಲ್ಲಿ ಅಳೆಯಿರಿ

ಮೆಡಿಕಲ್ ಶಾಪಿನ 6 ಪರ್ಸೆಂಟ್ ಪೆರಾಕ್ಸೈಡ್ 3 ಮಿಲಿ ತೆಗೆದು ನೀರು ಸೇರಿಸಿ 100 ಮಿಲಿ ಮಾಡಿ. ಕೋನಿಕಲ್ ಫ್ಲಾಸ್ಕಿಗೆ ಇದರ 5 ಮಿಲಿ, ಬಫರ್ 4 ಮಿಲಿ. ಚರ್ಮದ ರಸ 1 ಮಿಲಿ ಹಾಕಿದ ಕ್ಷಣವೇ ಸ್ಟಾಪ್‌ವಾಚ್ ಒತ್ತಿ. ಸರಿಯಾಗಿ 3 ನಿಮಿಷಕ್ಕೆ 1 ಮೋಲಾರ್ ಸಲ್ಫ್ಯೂರಿಕ್ ಆಮ್ಲ 5 ಮಿಲಿ ಸುರಿಯಿರಿ. ಕಿಣ್ವದ ಕೆಲಸ ಅಲ್ಲಿಗೆ ನಿಲ್ಲುತ್ತದೆ. ಉಳಿದ ಪೆರಾಕ್ಸೈಡನ್ನು 0.02 ಮೋಲಾರ್ ಪೊಟ್ಯಾಸಿಯಂ ಪರ್ಮಾಂಗನೇಟಿನಿಂದ ಟೈಟ್ರೇಟ್ ಮಾಡಿ, ಅಂದರೆ ಬ್ಯುರೆಟ್ಟಿನಿಂದ ಹನಿಹನಿಯಾಗಿ ಬಿಟ್ಟು ಎಷ್ಟು ಹಿಡಿಯಿತು ನೋಡಿ. ತಿಳಿ ಗುಲಾಬಿ ಬಣ್ಣ ಅರ್ಧ ನಿಮಿಷ ನಿಂತರೆ ಮುಗಿಯಿತು. ಮೊದಲ ಹನಿಗಳ ಬಣ್ಣ ನಿಧಾನಕ್ಕೆ ಹೋಗುತ್ತದೆ, ಅದನ್ನೇ ಕೊನೆ ಅಂದುಕೊಳ್ಳಬೇಡಿ.

ಬ್ಲ್ಯಾಂಕ್‌ಗೆ, ಅಂದರೆ ಕಿಣ್ವ ಕೆಲಸ ಮಾಡದ ಹೋಲಿಕೆ ಫ್ಲಾಸ್ಕಿಗೆ, ಇವೇ ಎಲ್ಲವೂ, ಆದರೆ ಆಮ್ಲ ಮೊದಲು, ಚರ್ಮದ ರಸ ಆಮೇಲೆ. ರಸ ಹಾಕದೇ ಬ್ಲ್ಯಾಂಕ್ ಮಾಡುವವರು ಜಾಸ್ತಿ. ಅದು ತಪ್ಪು. ರಸದ ಪ್ರೋಟೀನೂ ಸ್ವಲ್ಪ ಪರ್ಮಾಂಗನೇಟ್ ತಿನ್ನುತ್ತದೆ. ಬ್ಲ್ಯಾಂಕ್ ಪ್ರತಿದಿನ ಹೊಸದು, ಯಾಕೆಂದರೆ ಪೆರಾಕ್ಸೈಡ್ ಬಾಟಲಿಯಲ್ಲೇ ಸವೆಯುತ್ತಿರುತ್ತದೆ. ಆಮ್ಲ ತಯಾರಿಸುವಾಗ ನೀರಿಗೆ ಆಮ್ಲ ಹಾಕಿ, ಆಮ್ಲಕ್ಕೆ ನೀರಲ್ಲ. ಹೈಡ್ರೋಕ್ಲೋರಿಕ್ ಆಮ್ಲ ಬೇಡ, ಅದೂ ಪರ್ಮಾಂಗನೇಟಿನ ಜೊತೆ ಸೇರಿಕೊಳ್ಳುತ್ತದೆ.

ಒಂದು ಉದಾಹರಣೆ ಲೆಕ್ಕ. ಬ್ಲ್ಯಾಂಕ್ 5.2 ಮಿಲಿ, ಸ್ಯಾಂಪಲ್ 3.7 ಅಂದುಕೊಳ್ಳಿ. ವ್ಯತ್ಯಾಸ 1.5. ಈ ಪರ್ಮಾಂಗನೇಟಿನ ಒಂದು ಮಿಲಿ 50 ಮೈಕ್ರೋಮೋಲ್ ಪೆರಾಕ್ಸೈಡಿಗೆ ಸಮ. ಅಲ್ಲಿಗೆ 75 ಮೈಕ್ರೋಮೋಲ್. 3 ನಿಮಿಷಕ್ಕೆ ಭಾಗಿಸಿ, ನಿಮಿಷಕ್ಕೆ 25. ರಸದಲ್ಲಿ ಮಿಲಿಗೆ 5 ಮಿಲಿಗ್ರಾಂ ಪ್ರೋಟೀನ್ ಇದ್ದರೆ, ಮಿಲಿಗ್ರಾಂ ಪ್ರೋಟೀನಿಗೆ 5 ಯೂನಿಟ್ (ನಿಮಿಷಕ್ಕೆ ಒಂದು ಮೈಕ್ರೋಮೋಲ್ ಅಂದರೆ ಒಂದು ಯೂನಿಟ್). ವರದಿಗೆ ಈ ಕೊನೆಯ ಅಂಕಿ ಬೇಕು. ಪ್ರೋಟೀನನ್ನು ಲೌರಿ ಅಥವಾ ಬೈಯುರೆಟ್ ಎಂಬ, ಬಣ್ಣ ಬರಿಸಿ ಅಳೆಯುವ ವಿಧಾನದಲ್ಲಿ ಅಳೆಯಿರಿ.

ಮೂರನೇ ಒಂದು ಪಾಲಿಗಿಂತ ಜಾಸ್ತಿ ಪೆರಾಕ್ಸೈಡ್ ಖರ್ಚಾಗಿದ್ದರೆ ರಸವನ್ನು ತೆಳು ಮಾಡಿ ಮತ್ತೆ ಮಾಡಿ. ಪೆರಾಕ್ಸೈಡ್ ಕಡಿಮೆಯಾದಂತೆ ಕ್ರಿಯೆ ತಾನಾಗಿ ನಿಧಾನವಾಗುತ್ತದೆ. ಆಗ ಎಲ್ಲ ಸ್ಯಾಂಪಲ್ಲೂ ಒಂದೇ ಥರ ಕಾಣುತ್ತವೆ.

ಹಂತ 8: ಅಂಕಿಗಳನ್ನು ನಂಬಬಹುದೇ ನೋಡಿ

ಒಂದೇ ರಸವನ್ನು ಮೂರು ಸಲ ಟೈಟ್ರೇಟ್ ಮಾಡಿ "ಮೂರು ಸ್ಯಾಂಪಲ್" ಅಂತ ಬರೆಯಬೇಡಿ. ಅದು ನಿಮ್ಮ ಕೈ ಎಷ್ಟು ಸ್ಥಿರ ಅನ್ನುವುದನ್ನು ಮಾತ್ರ ಹೇಳುತ್ತದೆ. ಮೂರು ಕುರಿ ಅಂದರೆ ಮೂರು. ಆರು ಮಾಡಿದರೆ ಇನ್ನೂ ಒಳ್ಳೆಯದು, ಎರಡು ವಾರ ಹಂಚಿಕೊಂಡು ಮಾಡಿ. ಪ್ರತಿ ಕುರಿಯ ಕಿರಣದ ತುಂಡನ್ನು ಅದೇ ಕುರಿಯ ಕಂಟ್ರೋಲ್ ಜೊತೆ ಜೋಡಿ ಮಾಡಿ, ಪೇರ್ಡ್ ಟಿ-ಟೆಸ್ಟ್ ಹಾಕಿ, ಅಂದರೆ ಜೋಡಿಗಳ ವ್ಯತ್ಯಾಸ ಬರೀ ಆಕಸ್ಮಿಕವೇ ಅಂತ ನೋಡುವ ಲೆಕ್ಕ.

ವ್ಯತ್ಯಾಸ ಬರಲಿಲ್ಲವೇ? ಬರಲಿಲ್ಲ ಅಂತಲೇ ಬರೆಯಿರಿ, ಯಾಕಿರಬಹುದು ಅಂತ ಒಂದು ಪ್ಯಾರಾ ಸೇರಿಸಿ. ಇಳಿದಿದೆಯೇ? ಆಗಲೂ "ಬಿಸಿಲಿಗೆ ಮನುಷ್ಯನ ಚರ್ಮದ ಕ್ಯಾಟಲೇಸ್ ಹಾಳಾಗುತ್ತದೆ" ಅಂತ ಬರೆಯಬೇಡಿ. ಜೀವಂತ ಚರ್ಮ ಹೊಸ ಕ್ಯಾಟಲೇಸ್ ತಯಾರಿಸುತ್ತಿರುತ್ತದೆ, ನಿಮ್ಮ ತಟ್ಟೆಯದ್ದು ತಯಾರಿಸುವುದಿಲ್ಲ. "ಕಡಿದ ಇಷ್ಟು ಗಂಟೆಯೊಳಗೆ, ಇಷ್ಟು ಕಿರಣಕ್ಕೆ, ಕುರಿಯ ಕಿವಿಚರ್ಮದಲ್ಲಿ ಇಷ್ಟು ಇಳಿಯಿತು". ಇಷ್ಟು ಬರೆದರೆ ಯಾರೂ ಬೆರಳು ತೋರಿಸಲಾರರು.

ಕೊನೆಗೆ ಸ್ವಚ್ಛತೆ. ಆಮ್ಲದ ನೀರಿಗೆ ಅಡುಗೆ ಸೋಡಾ ಹಾಕಿ, ನೊರೆ ನಿಂತ ಮೇಲೆ ಸಿಂಕಿಗೆ ಬಿಡಿ. ಉಳಿದ ಚರ್ಮ ಕಾಲೇಜಿನ ಕಸದ ಬುಟ್ಟಿಗೆ ಬೇಡ, ಸಂಜೆಯೊಳಗೆ ಬೀದಿನಾಯಿಗಳು ಕಾರಿಡಾರಿಗೆ ಬರುತ್ತವೆ. ಕವರಿನಲ್ಲಿ ಕಟ್ಟಿ ಲ್ಯಾಬ್ ತ್ಯಾಜ್ಯ ಒಯ್ಯುವವರಿಗೇ ಕೊಡಿ. ಬೆರಳಿಗೆ ಹತ್ತಿದ ಪರ್ಮಾಂಗನೇಟಿನ ಕಂದು ಕಲೆ ಸೋಪಿಗೆ ಬಗ್ಗುವುದಿಲ್ಲ. ಅರ್ಧ ನಿಂಬೆಹಣ್ಣು ಉಜ್ಜಿ.